ಬಾಣಕ್ಕೊಂದು ಆಸರೆ: ಬೇಟೆಯ ಬಿಲ್ಲಿಗೆ ಯಾವ ಆ್ಯರೋ ರೆಸ್ಟ್ ಹೊಂದುತ್ತದೆ?

ಬಿಲ್ಲಿಗೆ ಸಾವಿರ ಡಾಲರ್ ಸುರಿಯುತ್ತಾರೆ. ಬಾಣಗಳನ್ನು ತೂಕ ನೋಡಿ ಆರಿಸುತ್ತಾರೆ. ಗುರಿ ಹಿಡಿಯುವ ಸೈಟ್ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆ್ಯರೋ ರೆಸ್ಟ್ ವಿಷಯಕ್ಕೆ ಬಂದರೆ ಮಾತ್ರ, ಅಂಗಡಿಯವರು ಯಾವುದೋ ಒಂದು ಹಾಕಿಕೊಟ್ಟರು ಅನ್ನುವವರೇ ಜಾಸ್ತಿ. ಬಾಣ ಬಿಲ್ಲನ್ನು ಮುಟ್ಟುವುದು ಎರಡೇ ಜಾಗದಲ್ಲಿ. ಅದರ ಹಿಂತುದಿ ಹೆದೆಗೆ ಸಿಕ್ಕಿಕೊಂಡಿರುತ್ತದೆ, ಮುಂಭಾಗ ರೆಸ್ಟ್ ಮೇಲೆ ಕೂತಿರುತ್ತದೆ. ಅಂದಮೇಲೆ ಬಾಣ ಹೇಗೆ ಹೊರಡುತ್ತದೆ ಅನ್ನುವುದರಲ್ಲಿ ಈ ಪುಟ್ಟ ಭಾಗದ ಪಾಲು ಸಣ್ಣದಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಮಾತು. ಅಲ್ಲಿ ಬಿಲ್ಲಿನ ಬೇಟೆಗೆ ಅಂತಲೇ ರಾಜ್ಯ ಸರ್ಕಾರಗಳು ಪ್ರತ್ಯೇಕ ಸೀಸನ್ ಕೊಡುತ್ತವೆ, ಲೈಸೆನ್ಸ್ ಕೊಡುತ್ತವೆ, ಎಷ್ಟು ಪ್ರಾಣಿ ಹೊಡೆಯಬಹುದು ಅಂತ ಮಿತಿ ಹಾಕುತ್ತವೆ. ವಿಸ್ಕಾನ್ಸಿನ್ ರಾಜ್ಯ 1934ರಲ್ಲೇ ಬಿಲ್ಲಿನಿಂದ ಜಿಂಕೆ ಬೇಟೆಗೆ ಸೀಸನ್ ತೆರೆದಿತ್ತು. ಅಲ್ಲಿ ನೆಲೆಸಿದ ನಮ್ಮವರು ಯಾರಾದರೂ ಈ ಕಡೆ ಕಾಲಿಟ್ಟಿದ್ದರೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಊರಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಹಿಡಿದು ಬರೀ ಗುರಿ ಹೊಡೆಯುವವರಿಗೂ ಅರ್ಧಕ್ಕಿಂತ ಹೆಚ್ಚು ವಿಷಯ ಹೊಂದುತ್ತದೆ.

ರೆಸ್ಟ್‌ಗೆ ಇರುವುದು ಎರಡು ಕೆಲಸ

ಒಂದು, ಬಾಣವನ್ನು ಹಿಡಿದಿಡುವುದು. ಇನ್ನೊಂದು, ಬಾಣಕ್ಕೆ ದಾರಿ ಬಿಡುವುದು. ತೊಂದರೆ ಏನೆಂದರೆ, ಈ ಎರಡೂ ಒಂದಕ್ಕೊಂದು ಆಗಿಬರುವುದಿಲ್ಲ. ಗಟ್ಟಿಯಾಗಿ ಹಿಡಿಯುವ ರೆಸ್ಟ್ ದಾರಿಗೆ ಅಡ್ಡ ಬರುತ್ತದೆ. ಸುಲಭವಾಗಿ ದಾರಿ ಬಿಡುವ ರೆಸ್ಟ್‌ನಿಂದ ಬಾಣ ಜಾರಿ ಬೀಳುತ್ತದೆ. ಮಾರುಕಟ್ಟೆಯಲ್ಲಿರುವ ಎಲ್ಲ ಮಾದರಿಗಳೂ ಈ ಜಗಳಕ್ಕೆ ಒಬ್ಬೊಬ್ಬರು ಮಾಡಿದ ಒಂದೊಂದು ರಾಜಿ, ಅಷ್ಟೇ.

ದಾರಿ ಬಿಡುವ ಕೆಲಸ ಎಷ್ಟು ವೇಗದ್ದು ಅಂತ ಲೆಕ್ಕ ಹಾಕೋಣ. ಸಾಧಾರಣ ಬೇಟೆಯ ಬಿಲ್ಲಿನಲ್ಲಿ ಹೆದೆ ಬಾಣವನ್ನು ಸುಮಾರು 20 ಇಂಚು ದೂರ ತಳ್ಳುತ್ತದೆ. ಆ 20 ಇಂಚು ಮುಗಿಯುವಷ್ಟರಲ್ಲಿ ಬಾಣದ ವೇಗ ಸೆಕೆಂಡಿಗೆ 280 ಅಡಿ ಆಗಿದೆ ಅಂದುಕೊಳ್ಳಿ. ಒಂದೇ ಸಮನೆ ವೇಗ ಏರಿತು ಅಂದುಕೊಂಡರೆ, ಇಡೀ ಕಥೆ ಸೆಕೆಂಡಿನ ಸಾವಿರದಲ್ಲಿ ಹನ್ನೆರಡು ಭಾಗದಲ್ಲಿ ಮುಗಿಯುತ್ತದೆ. ಈ ಹೊತ್ತಿನಲ್ಲಿ ಬಾಣ ನೇರ ಕೋಲಿನ ಹಾಗೆ ಸುಮ್ನೆ ಮುಂದೆ ಹೋಗುವುದೂ ಇಲ್ಲ. ಹಿಂದಿನಿಂದ ಬಿದ್ದ ಒತ್ತಡಕ್ಕೆ ಬಾಗುತ್ತದೆ, ಮತ್ತೆ ನೇರವಾಗುತ್ತದೆ, ಇನ್ನೊಂದು ಕಡೆಗೆ ಬಾಗುತ್ತದೆ. ಬೆರಳಲ್ಲಿ ಹೆದೆ ಬಿಟ್ಟರೆ ಈ ಬಾಗುವಿಕೆ ಹೆಚ್ಚಾಗಿ ಅಡ್ಡಕ್ಕೆ. ಕಾಂಪೌಂಡ್ ಬಿಲ್ಲಿನವರು ಬಳಸುವ ರಿಲೀಸ್ ಕೀಲಿಯಿಂದ, ಅಂದರೆ ಹೆದೆಯನ್ನು ಕಚ್ಚಿ ಹಿಡಿದು ಬಿಡುವ ಸಣ್ಣ ಸಾಧನದಿಂದ ಬಿಟ್ಟರೆ ಹೆಚ್ಚಾಗಿ ಮೇಲೆ ಕೆಳಗೆ.

ಬಾಣದ ಗರಿಗಳು ಇರುವುದು ಹಿಂತುದಿಯ ಹತ್ತಿರ. ಹಾಗಾಗಿ ಅವು ರೆಸ್ಟ್ ದಾಟುವುದು ಈ ಓಟದ ಕೊನೆಯಲ್ಲಿ, ಬಾಣ ಹೆದೆಯನ್ನು ಬಿಡುವ ಹೊತ್ತಿನ ಆಚೀಚೆ. ಅಲ್ಲಿಯವರೆಗೆ ಬಾಣಕ್ಕೆ ಆಸರೆ ಬೇಕು. ಗರಿ ಬರುವ ಹೊತ್ತಿಗೆ ಆಸರೆ ಅಲ್ಲಿ ಇರಬಾರದು. ಒಂದು ಗರಿ ರೆಸ್ಟ್‌ಗೆ ತಾಗಿದರೂ ಬಾಣದ ಬಾಲ ಪಕ್ಕಕ್ಕೆ ಒದ್ದ ಹಾಗಾಗುತ್ತದೆ.

ಗುರಿಹಲಗೆಗೆ ಹೊಡೆಯುವ ಬಾಣವಾದರೆ ಈ ಒದೆತವನ್ನು ಗರಿಗಳೇ ಸರಿಮಾಡಿಕೊಳ್ಳುತ್ತವೆ. ಬೇಟೆಯ ಬಾಣದ ಕಥೆ ಬೇರೆ. ಅದರ ತುದಿಯಲ್ಲಿ ಬ್ರಾಡ್‌ಹೆಡ್ ಇರುತ್ತದೆ, ಅಂದರೆ ಎರಡೋ ಮೂರೋ ನಾಲ್ಕೋ ಹರಿತವಾದ ಅಲಗುಗಳ ತಲೆ. ಗಾಳಿಯಲ್ಲಿ ಆ ಅಲಗುಗಳೂ ರೆಕ್ಕೆಯ ಕೆಲಸ ಮಾಡುತ್ತವೆ. ಬಾಣ ಸ್ವಲ್ಪ ಓರೆಯಾಗಿ ಹೊರಟರೆ ಸಾಕು, ಹಿಂದಿನ ಗರಿ ಒಂದು ಕಡೆಗೆ, ಮುಂದಿನ ಅಲಗು ಇನ್ನೊಂದು ಕಡೆಗೆ ಎಳೆಯತೊಡಗುತ್ತವೆ. ಅಭ್ಯಾಸದ ತುದಿ ಹಾಕಿ ಹೊಡೆದಾಗ ಒಂದೇ ಗುಂಪಾಗಿ ಬೀಳುತ್ತಿದ್ದ ಬಾಣಗಳು ಬ್ರಾಡ್‌ಹೆಡ್ ಹಾಕಿದ ಕೂಡಲೇ ಅರ್ಧ ಅಡಿ ಆಚೆ ಬೀಳುವುದು ಇದೇ ಕಾರಣಕ್ಕೆ. ಓರೆಯಾಗಿ ತಾಗಿದ ಬಾಣ ಆಳಕ್ಕೂ ಇಳಿಯುವುದಿಲ್ಲ. ಬಲವೆಲ್ಲ ಪಕ್ಕಕ್ಕೆ ಹೋಗಿಬಿಡುತ್ತದೆ. ಶ್ವಾಸಕೋಶಕ್ಕೆ ನೆಟ್ಟಗೆ ಇಳಿದ ಬಾಣ ಪ್ರಾಣಿಯನ್ನು ಬೇಗ ಮುಗಿಸುತ್ತದೆ. ಅರ್ಧ ಇಳಿದದ್ದು ಗಾಯ ಮಾಡಿ ಅದನ್ನು ಕಾಡಿನೊಳಗೆ ಓಡಿಸುತ್ತದೆ. ಅಲ್ಲಿನ ಒಳ್ಳೆಯ ಬೇಟೆಗಾರರು ರೆಸ್ಟ್ ಬಗ್ಗೆ ತಲೆಕೆಡಿಸಿಕೊಳ್ಳುವುದು ಗುರಿಯ ಹೆಮ್ಮೆಗಾಗಿ ಮಾತ್ರ ಅಲ್ಲ.

ಇಷ್ಟನ್ನು ಓದಿದವರು, ಹಾಗಾದರೆ ಗರಿಗೆ ಚೂರೂ ತಾಗದ ರೆಸ್ಟ್ ತೆಗೆದುಕೊಂಡರೆ ಮುಗಿಯಿತಲ್ಲ ಅನ್ನಬಹುದು. ಹೆಚ್ಚಿನವರು ಆರಿಸುವುದೂ ಹಾಗೆಯೇ. ನನಗೆ ಅದು ಅರ್ಧ ಸರಿ ಅನ್ನಿಸುತ್ತದೆ. ಬೇಟೆಯಲ್ಲಿ ಬಾಣ ಬಿಡುವ ಕ್ಷಣ ಒಂದು, ಅದಕ್ಕೆ ಮೊದಲಿನ ಗಂಟೆಗಳು ಹಲವು. ನವೆಂಬರ್ ಚಳಿಯಲ್ಲಿ ಮರದ ಮೇಲೆ ಹದಿನೈದಿಪ್ಪತ್ತು ಅಡಿ ಎತ್ತರದ ಅಟ್ಟಣೆಯಲ್ಲಿ ಕೂತಿರುತ್ತಾರೆ. ಬಿಲ್ಲು ಕೊಕ್ಕೆಗೆ ನೇತುಹಾಕಿರುತ್ತದೆ. ಕೆಳಗೆ ಜಿಂಕೆ ಕಾಣಿಸುತ್ತದೆ, ಕೈ ನಡುಗುತ್ತದೆ, ದಪ್ಪ ಕೋಟಿನ ತೋಳು ಅಡ್ಡ ಬರುತ್ತದೆ, ಸೊಂಟ ತಿರುಗಿಸಿ ಹೆದೆ ಎಳೆಯಬೇಕಾಗುತ್ತದೆ. ಆಗ ಬಾಣ ರೆಸ್ಟ್‌ನಿಂದ ಜಾರಿ ಲೋಹಕ್ಕೆ ತಾಗಿ ಟಣ್ ಅಂದರೆ ಆಟ ಅಲ್ಲಿಗೇ ಮುಗಿಯಿತು. ಯಾವ ರೆಸ್ಟ್ ಎಷ್ಟು ನಿಖರ ಅನ್ನುವುದು ಆಮೇಲಿನ ಮಾತು. ಬೇಟೆಯ ರೆಸ್ಟ್ ಆರಿಸುವಾಗ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಬಿಡುವ ಮೊದಲು ಇದು ಬಾಣವನ್ನು ಹೇಗೆ ಹಿಡಿದಿರುತ್ತದೆ? ಕೆಟ್ಟರೆ ಯಾವ ರೀತಿ ಕೆಡುತ್ತದೆ?

ಹಳೆಯ ಮಾದರಿಗಳು

ಉದ್ದ ಬಿಲ್ಲು, ಸಾಂಪ್ರದಾಯಿಕ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಹಿಡಿಯುವವರು ಈಗಲೂ ಪ್ರತ್ಯೇಕ ರೆಸ್ಟ್ ಇಲ್ಲದೆ ಹೊಡೆಯುತ್ತಾರೆ. ಹಿಡಿಯ ಮೇಲೆ ಕಡಿದ ಅಂಚಿಗೆ ತೊಗಲೋ ಮೆತ್ತನೆಯ ಬಟ್ಟೆಯೋ ಅಂಟಿಸಿ ಅದರ ಮೇಲೇ ಬಾಣ ಇಡುತ್ತಾರೆ. ಗರಿ ತಾಗುತ್ತದೆ, ನಿಜ. ಅದಕ್ಕೇ ಅವರು ಪ್ಲಾಸ್ಟಿಕ್ ಬಿಟ್ಟು ನಿಜವಾದ ಹಕ್ಕಿಗರಿ ಬಳಸುತ್ತಾರೆ. ಅದು ತಾಗಿದ ಕೂಡಲೇ ಮಡಚಿಕೊಂಡು ದಾಟುತ್ತದೆ. ಒಲಿಂಪಿಕ್ಸ್ ರಿಕರ್ವ್‌ನಲ್ಲಿ ಕಾಣುವುದು ತೆಳ್ಳನೆ ತಂತಿಯ ರೆಸ್ಟ್ ಮತ್ತು ಪಕ್ಕದಿಂದ ಬಾಣವನ್ನು ಒತ್ತುವ ಸ್ಪ್ರಿಂಗಿನ ಪ್ಲಂಜರ್ ಗುಂಡಿ. ಬೇಟೆಗೆ ಇದು ನಾಜೂಕು ಜಾಸ್ತಿ.

ಕಾಂಪೌಂಡ್ ಬಿಲ್ಲು ಬಂದಮೇಲೆ ಲೆಕ್ಕ ಬದಲಾಯಿತು. ಮಿಸೌರಿಯ ಹೊಲೆಸ್ ವಿಲ್ಬರ್ ಆಲೆನ್ 1966ರಲ್ಲಿ ಅದರ ಪೇಟೆಂಟ್‌ಗೆ ಅರ್ಜಿ ಹಾಕಿ, 1969ರಲ್ಲಿ ಪಡೆದರು. ತುದಿಯಲ್ಲಿ ರಾಟೆ ಇದ್ದ ಬಿಲ್ಲಿನಲ್ಲಿ ಬಾಣ ನಡುವಿನಿಂದಲೇ ನೇರ ಹೊರಡುವ ಹಾಗೆ ಮಾಡಬಹುದಿತ್ತು. ರಿಲೀಸ್ ಕೀಲಿ ಸೇರಿಕೊಂಡಮೇಲೆ ಅಡ್ಡ ಬಾಗುವಿಕೆ ಕಡಿಮೆಯಾಯಿತು. ಆಗ ಎರಡು ಕವಲಿನ ನಡುವೆ ಬಾಣ ಕೂರುವ, ಕೆಳಗಿನ ಗರಿ ಕವಲುಗಳ ಮಧ್ಯೆ ತೂರಿಹೋಗುವ ರೆಸ್ಟ್‌ಗಳು ಬಂದವು. ಗುರಿಗೆ ಚೆನ್ನಾಗಿದ್ದವು. ಕೈ ಸ್ವಲ್ಪ ತಿರುಚಿದರೆ ಬಾಣ ಉರುಳಿ ಬೀಳುತ್ತಿತ್ತು. ಈಗ ಬೇಟೆಯವರ ಬಿಲ್ಲಿನಲ್ಲಿ ಇವು ಕಾಣುವುದು ಅಪರೂಪ.

ಇನ್ನೊಂದು ಬ್ಲೇಡ್ ರೆಸ್ಟ್. ಸ್ಪ್ರಿಂಗ್ ಸ್ಟೀಲಿನ ತೆಳು ಪಟ್ಟಿ, ತುದಿಯಲ್ಲಿ ಸಣ್ಣ ಕಚ್ಚು. ಅಂತರರಾಷ್ಟ್ರೀಯ ಕಾಂಪೌಂಡ್ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ಮತ್ತು ಓಜಸ್ ದೇವತಳೆ ಮಿಶ್ರ ತಂಡದ ಚಿನ್ನ ಗೆದ್ದರಲ್ಲ, ಆ ಬಗೆಯ ಸ್ಪರ್ಧೆ. 2028ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡ ಬರುತ್ತಿದೆ. ಮೈದಾನದಲ್ಲಿ ನೆಟ್ಟಗೆ ನಿಂತು ಹೊಡೆಯುವವರಿಗೆ ಬ್ಲೇಡ್‌ನಷ್ಟು ಸರಳ, ನಂಬಿಕೆಯ ರೆಸ್ಟ್ ಇನ್ನೊಂದಿಲ್ಲ. ಮರದ ಮೇಲೆ ಬಗ್ಗಿ ಕೂತವರಿಗೆ ಅದು ತಲೆನೋವು. ಬಾಣವನ್ನು ಹಿಡಿಯುವುದೇ ಇಲ್ಲ.

ಉಳಿದದ್ದು ಎರಡು ದೊಡ್ಡ ಗುಂಪು. ಸುತ್ತಲೂ ತಬ್ಬಿಕೊಂಡು ಹಿಡಿಯುವ ರೆಸ್ಟ್, ಮತ್ತು ಬಾಣ ಹೊರಟ ಕೂಡಲೇ ಕೆಳಗೆ ಬೀಳುವ ರೆಸ್ಟ್.

ವಿಸ್ಕರ್ ಬಿಸ್ಕೆಟ್

ಹೆಸರು ತಮಾಷೆಯಾಗಿದೆ, ಕೆಲಸ ಗಟ್ಟಿ. ಒಂದು ಉಂಗುರ. ಅದರ ಒಳಗೆ, ಬಾಟಲಿ ತೊಳೆಯುವ ಬ್ರಷ್‌ನ ಎಳೆಗಳನ್ನು ಒಳಮುಖವಾಗಿ ತಿರುಗಿಸಿದಂತೆ, ಸುತ್ತಲೂ ಒತ್ತಾಗಿ ಎಳೆಗಳು. ನಡುವೆ ಬಾಣ ಹಿಡಿಯುವಷ್ಟು ತೂತು. ಮೇಲೆ ಒಂದು ಸೀಳು, ಅಲ್ಲಿಂದ ಬಾಣವನ್ನು ಒಳಗೆ ಒತ್ತಿ ಕೂರಿಸಬೇಕು. ಕೆಳಗಿನ ಎಳೆಗಳು ಬಿರುಸು, ಬಾಣದ ಭಾರ ಹೊರಲು. ಉಳಿದವು ಮೆತ್ತಗೆ, ಗರಿ ದಾಟಲು.

ಒಮ್ಮೆ ಕೂರಿಸಿದರೆ ಬಿಲ್ಲನ್ನು ತಲೆಕೆಳಗು ಮಾಡಿದರೂ ಬಾಣ ಬೀಳುವುದಿಲ್ಲ. ಅಲುಗಾಡುವ ಭಾಗ ಒಂದೂ ಇಲ್ಲ. ಸ್ಪ್ರಿಂಗ್ ಇಲ್ಲ, ಹುರಿ ಇಲ್ಲ, ಸಮಯ ಹೊಂದಿಸುವ ಗೋಜಿಲ್ಲ. ಹೆದೆ ಎಳೆಯುವಾಗ ಸದ್ದೂ ಕಡಿಮೆ. ಬೆಲೆಯೂ 50 ಡಾಲರ್ ಆಸುಪಾಸಿನಲ್ಲಿ ಮುಗಿಯುತ್ತದೆ.

ಗರಿ ಎಳೆಗಳಿಗೆ ತಾಗುತ್ತದಲ್ಲ ಅಂತ ಆಕ್ಷೇಪ ಬಂದೇ ಬರುತ್ತದೆ. ತಾಗುತ್ತದೆ. ಪ್ರತಿ ಸಲವೂ ತಾಗುತ್ತದೆ. ಆದರೆ ಸುತ್ತಲಿನಿಂದ ತಾಗುತ್ತದೆ. ಒಂದೇ ಗರಿಗೆ ಒಂದೇ ಕಡೆಯಿಂದ ಬೀಳುವ ಒದೆತ ಬೇರೆ, ಮೂರೂ ಗರಿಗಳಿಗೆ ಹೆಚ್ಚುಕಡಿಮೆ ಸಮನಾಗಿ ಸಿಗುವ ಸವರುವಿಕೆ ಬೇರೆ. ಬಾಣದ ವೇಗ ಸೆಕೆಂಡಿಗೆ ಕೆಲವೇ ಅಡಿಯಷ್ಟು ತಗ್ಗುತ್ತದೆ. 25, 30 ಗಜ ದೂರದಲ್ಲಿ ನಿಂತ ಜಿಂಕೆಯ ಮಟ್ಟಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. 60 ಗಜಕ್ಕೆ ಗುರಿ ಹೊಡೆಯುವವರಿಗೆ ಗುಂಪು ಸ್ವಲ್ಪ ಹರಡಿದ್ದು ಕಾಣಬಹುದು.

ನಿಜವಾದ ತೊಂದರೆಗಳು ಬೇರೆ ಇವೆ. ಗರಿಗಳು ಕಾಲಕ್ರಮೇಣ ಸುಕ್ಕಾಗುತ್ತವೆ. ಗಿಡ್ಡ, ಬಿರುಸಾದ ಪ್ಲಾಸ್ಟಿಕ್ ಗರಿ ತಡೆದುಕೊಳ್ಳುತ್ತದೆ. ಉದ್ದ, ಮೆತ್ತನೆಯ ಗರಿ ಹಾಗೂ ಹಕ್ಕಿಗರಿ ಬೇಗ ಹಾಳಾಗುತ್ತದೆ. ತೂತಿನ ಅಳತೆ ಬಾಣದ ದಪ್ಪಕ್ಕೆ ಹೊಂದಲೇಬೇಕು. ಈಗೀಗ ಬರುತ್ತಿರುವ ತೀರಾ ಸಣ್ಣ ಬಾಣಗಳನ್ನು ದಪ್ಪ ಬಾಣದ ತೂತಿಗೆ ಹಾಕಿದರೆ ಅದು ಒಳಗೆ ಅಲ್ಲಾಡುತ್ತದೆ, ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತದೆ. ಇನ್ನು ಮಳೆ ಬಿದ್ದು ಆಮೇಲೆ ಹೆಪ್ಪುಗಟ್ಟುವ ಚಳಿ ಬಂದರೆ ಎಳೆಗಳ ಮಧ್ಯೆ ಮಂಜುಗಡ್ಡೆ ಕಟ್ಟುತ್ತದೆ. ಮಿಚಿಗನ್, ಮಿನೆಸೋಟದಂಥ ಕಡೆ ಇದು ಆಗುವಂಥದ್ದೇ. ಆಗಾಗ ಬೆರಳಿಂದ ಕೊಡವಿಕೊಳ್ಳಬೇಕು. ಎಳೆ ಸವೆದರೆ ಬಾಣ ಕೆಳಗೆ ಇಳಿಯುತ್ತದೆ, ಗುರಿಯೂ ಇಳಿಯುತ್ತದೆ. ನಿಧಾನವಾಗಿ ಆಗುವುದರಿಂದ ಗಮನಕ್ಕೇ ಬರುವುದಿಲ್ಲ. ಒಳಗಿನ ಬಿಸ್ಕೆಟ್ ಮಾತ್ರ ಬದಲಿಸಿದರೆ ಸಾಕು.

ಬೀಳುವ ರೆಸ್ಟ್ ಹೇಗೆ ಬೀಳುತ್ತದೆ

ಇನ್ನೊಂದು ಗುಂಪಿನ ಹೆಸರು ಡ್ರಾಪ್ ಅವೇ. ಹೆದೆ ಎಳೆದಾಗ ಬಾಣವನ್ನು ಎತ್ತಿ ಹಿಡಿಯುವ ಪುಟ್ಟ ಕವಲು, ಬಾಣ ಹೊರಟ ಕೂಡಲೇ ಕೆಳಗೆ ಮಡಚಿಕೊಳ್ಳುತ್ತದೆ. ಗರಿ ಬರುವ ಹೊತ್ತಿಗೆ ದಾರಿ ಖಾಲಿ. ಯಾವ ಗರಿ ಬೇಕಾದರೂ ಹಾಕಬಹುದು, ಯಾವ ಕೋನಕ್ಕೆ ಬೇಕಾದರೂ ತಿರುಗಿಸಿ ಅಂಟಿಸಬಹುದು.

ಇದನ್ನು ಓಡಿಸುವುದು ಒಂದು ಸಣ್ಣ ಹುರಿ. ಹುರಿಯ ಒಂದು ತುದಿ ರೆಸ್ಟ್‌ನಲ್ಲಿ, ಇನ್ನೊಂದು ತುದಿ ಬಿಲ್ಲಿನ ಯಾವುದೋ ಅಲುಗಾಡುವ ಭಾಗದಲ್ಲಿ. ಆ ಭಾಗ ಯಾವುದು ಅನ್ನುವುದರ ಮೇಲೆ ಎರಡು ಜಾತಿ.

ಮೊದಲನೆಯದು ಕೇಬಲ್‌ಗೆ ಕಟ್ಟುವುದು. ಕಾಂಪೌಂಡ್ ಬಿಲ್ಲಿನಲ್ಲಿ ಹೆದೆಯ ಜೊತೆಗೆ ಕೇಬಲ್‌ಗಳೂ ಇರುತ್ತವೆ. ಹೆದೆ ಎಳೆದಾಗ ಅವುಗಳಲ್ಲಿ ಒಂದು ಕೆಳಕ್ಕೆ ಸರಿಯುತ್ತದೆ. ಅದಕ್ಕೆ ಕಟ್ಟಿದ ಹುರಿಯೂ ಕೆಳಕ್ಕೆ ಹೋಗಿ ಕವಲನ್ನು ಮೇಲೆತ್ತುತ್ತದೆ. ಬಾಣ ಬಿಟ್ಟಾಗ ಕೇಬಲ್ ಮೇಲಕ್ಕೆ ಹಾರುತ್ತದೆ, ಹುರಿ ಸಡಿಲವಾಗುತ್ತದೆ, ಒಳಗಿನ ಸ್ಪ್ರಿಂಗ್ ಕವಲನ್ನು ಬೀಳಿಸುತ್ತದೆ. ಸ್ಪ್ರಿಂಗ್‌ಗೆ ಬೇಕಾಗಿರುವುದು ಕೆಳಗೆ ಬೀಳುವುದು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಎರಡನೆಯದು ಲಿಂಬ್‌ಗೆ, ಅಂದರೆ ಬಿಲ್ಲಿನ ಬಾಗುವ ತೋಳಿಗೆ ಕಟ್ಟುವುದು. ಇಲ್ಲಿ ಎಲ್ಲವೂ ಉಲ್ಟಾ. ಸ್ಪ್ರಿಂಗ್‌ಗೆ ಬೇಕಾಗಿರುವುದು ಮೇಲೇಳುವುದು. ಬಿಲ್ಲು ಸುಮ್ನೆ ಇದ್ದಾಗ ಬಿಗಿಯಾದ ಹುರಿ ಕವಲನ್ನು ಕೆಳಗೆ ಎಳೆದು ಹಿಡಿದಿರುತ್ತದೆ. ಹೆದೆ ಎಳೆದಾಗ ಲಿಂಬ್ ಬಾಗುತ್ತದೆ, ಹುರಿ ಸಡಿಲವಾಗುತ್ತದೆ, ಕವಲು ತಾನಾಗಿ ಏಳುತ್ತದೆ. ಬಾಣ ಬಿಟ್ಟಾಗ ಲಿಂಬ್ ತನ್ನ ಜಾಗಕ್ಕೆ ಚಿಮ್ಮಿ, ಹುರಿಯನ್ನು ಜಗ್ಗಿ, ಕವಲನ್ನು ಬೀಳಿಸುತ್ತದೆ. ಹುರಿ ಪೂರ್ತಿ ಬಿಗಿಯಾಗುವುದು ಲಿಂಬ್ ಮರಳುವ ಕೊನೆಯಲ್ಲಿ. ಹಾಗಾಗಿ ಬಾಣಕ್ಕೆ ಆಸರೆ ಹೆಚ್ಚು ದೂರ ಸಿಗುತ್ತದೆ. ಕೆಟ್ಟ ಕೈಹಿಡಿತವನ್ನೂ ಇದು ಸ್ವಲ್ಪ ಕ್ಷಮಿಸುತ್ತದೆ ಅನ್ನುವ ಮಾತು ಬೇಟೆಗಾರರಲ್ಲಿ ಇದೆ.

ಈಗ ನನ್ನ ಎರಡನೇ ಪ್ರಶ್ನೆಗೆ ಬನ್ನಿ. ಹುರಿ ಹರಿದರೆ ಏನಾಗುತ್ತದೆ? ಮುಳ್ಳುಕಂಟಿಯಲ್ಲಿ ನುಗ್ಗಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಹಿಂದೆ ಹೋಗುವಾಗ, ಬಿಲ್ಲನ್ನು ಹಗ್ಗದಲ್ಲಿ ಅಟ್ಟಣೆಗೆ ಎಳೆದುಕೊಳ್ಳುವಾಗ, ಬ್ರಾಡ್‌ಹೆಡ್ ಅಲಗು ಸವರಿದಾಗ ಹುರಿ ಹರಿಯುವುದು ನಡೆಯುವಂಥದ್ದೇ. ಕೇಬಲ್‌ಗೆ ಕಟ್ಟಿದ ಸರಳ ರೆಸ್ಟ್‌ನಲ್ಲಿ ಕವಲು ಕೆಳಗೇ ಉಳಿಯುತ್ತದೆ. ಬಾಣಕ್ಕೆ ಆಸರೆಯೇ ಇಲ್ಲ, ಹೊಡೆಯುವ ಹಾಗೇ ಇಲ್ಲ. ಲಿಂಬ್‌ಗೆ ಕಟ್ಟಿದ್ದರಲ್ಲಿ ಕವಲು ಮೇಲೆದ್ದು ನಿಂತುಬಿಡುತ್ತದೆ. ಗರಿ ತಾಗಬಹುದು, ಗುರಿ ಸ್ವಲ್ಪ ಸರಿಯಬಹುದು. ಆದರೆ ಹತ್ತಿರದ ಪ್ರಾಣಿಗೆ ಇನ್ನೂ ಹೊಡೆಯಬಹುದು. ಪೆಟ್ಟಿಗೆಯ ಮೇಲಿನ ಜಾಹೀರಾತಿನಲ್ಲಿ ಈ ವಿಷಯ ಎದ್ದು ಕಾಣುವುದಿಲ್ಲ. ರಸ್ತೆಯಿಂದ ಮೈಲುಗಟ್ಟಲೆ ಒಳಗೆ ಇರುವವನಿಗೆ ಮಾತ್ರ ಇದೇ ಮುಖ್ಯ.

ಸಮಯ ಹೊಂದಿಸುವ ಕೆಲಸದಲ್ಲೂ ವ್ಯತ್ಯಾಸ ಇದೆ. ಕೇಬಲ್ ಜಾತಿಯಲ್ಲಿ ಹುರಿ ಒಂದಿಷ್ಟು ಉದ್ದವಾದರೂ ಕವಲು ಪೂರ್ತಿ ಏಳುವುದಿಲ್ಲ. ಗಿಡ್ಡವಾದರೆ ಬೇಗ ಎದ್ದು, ಬೀಳಲು ತಡ ಮಾಡುತ್ತದೆ. ಹೊಸ ಕೇಬಲ್ ಹಾಕಿದ ಮೊದಲ ದಿನಗಳಲ್ಲಿ ಅದು ಸ್ವಲ್ಪ ಹಿಗ್ಗುತ್ತದೆ, ಗಂಟು ಜಾರುತ್ತದೆ. ಹೊಂದಿಸಿದ್ದು ತಪ್ಪುತ್ತದೆ. ಲಿಂಬ್ ಜಾತಿಗೆ ಈ ತಾಪತ್ರಯ ಕಡಿಮೆ. ಆದರೆ ಲಿಂಬ್‌ವರೆಗೆ ಓಡುವ ಉದ್ದನೆಯ ಹುರಿ ಹೊರಗೇ ಕಾಣುತ್ತಿರುತ್ತದೆ. ಕಡ್ಡಿಗೋ ಕೊಕ್ಕೆಗೋ ಸಿಕ್ಕಿಕೊಳ್ಳುವುದು ಅದೇ.

ಹಿಡಿದಿಡುವ ವಿಷಯದಲ್ಲಿ ಮೊದಮೊದಲ ಡ್ರಾಪ್ ಅವೇಗಳು ತೀರಾ ಸೋಲುತ್ತಿದ್ದವು. ಈಗ ಬಾಣದ ಮೇಲೆ ಅಡ್ಡಪಟ್ಟಿ ಬರುವ ಮಾದರಿಗಳಿವೆ, ಬಾಣ ಹೊರಗೆ ಉರುಳದಂತೆ. ಕ್ಯೂಎಡಿ ಕಂಪನಿಯ ಅಲ್ಟ್ರಾರೆಸ್ಟ್ ಥರದವುಗಳಲ್ಲಿ ಇನ್ನೊಂದು ಉಪಾಯ ಇದೆ. ಹೆಬ್ಬೆರಳಲ್ಲಿ ಕವಲನ್ನು ಮೊದಲೇ ಎತ್ತಿ ಲಾಕ್ ಮಾಡಿ ಬಾಣ ಕೂರಿಸಬಹುದು. ಹೆದೆಯನ್ನು ನಿಧಾನವಾಗಿ ವಾಪಸ್ ಬಿಟ್ಟರೆ ಅದು ಬೀಳುವುದಿಲ್ಲ. ನಿಜವಾಗಿ ಬಾಣ ಬಿಟ್ಟಾಗ ಮಾತ್ರ ಬೀಳುತ್ತದೆ. ಇದು ಯಾಕೆ ಬೇಕು ಅಂದರೆ, ಜಿಂಕೆ ನಮ್ಮ ಅನುಕೂಲಕ್ಕೆ ನಿಲ್ಲುವುದಿಲ್ಲ. ಹೆದೆ ಎಳೆದು ಕಾಯುತ್ತೀರಿ, ಅದು ಮರದ ಮರೆಯಿಂದ ಬರುವುದೇ ಇಲ್ಲ, ತೋಳು ಸೋಲುತ್ತದೆ, ವಾಪಸ್ ಬಿಡಬೇಕಾಗುತ್ತದೆ. ಸರಳ ಮಾದರಿಯಲ್ಲಿ ಆ ಹೊತ್ತಿಗೆ ಕವಲು ಇಳಿದು ಬಾಣ ಆಚೀಚೆ ಜಾರುವ ಅಪಾಯ ಇದೆ.

ಅಗ್ಗದ ಡ್ರಾಪ್ ಅವೇಗಳ ಒಂದು ಗುಟ್ಟಿನ ರೋಗ ಪುಟಿಯುವುದು. ಕವಲು ಕೆಳಗೆ ಬಡಿದು ವಾಪಸ್ ಮೇಲೆ ಚಿಮ್ಮುತ್ತದೆ, ಸರಿಯಾಗಿ ಗರಿ ಬರುವ ಹೊತ್ತಿಗೆ. ಬಿದ್ದಿದ್ದೂ ದಂಡ. ಒಳ್ಳೆಯವುಗಳಲ್ಲಿ ಬಿದ್ದ ಕವಲನ್ನು ಹಿಡಿದಿಡುವ ವ್ಯವಸ್ಥೆಯೋ ಮೆತ್ತನೆಯ ತಡೆಯೋ ಇರುತ್ತದೆ. ಬೆಲೆ 150ರಿಂದ 300 ಡಾಲರ್ ಆಗುವುದು ಇಂಥ ಕಾರಣಗಳಿಗೇ. ಆ ದುಡ್ಡಿನಲ್ಲಿ ತೆರಿಗೆಯೂ ಇದೆ ಅನ್ನಿ. ಪಿಟ್‌ಮನ್-ರಾಬರ್ಟ್‌ಸನ್ ಅಂತ 1937ರ ಒಂದು ಕಾಯ್ದೆ ಇದೆ, ಬೇಟೆಯ ಸಾಮಾನಿನ ತೆರಿಗೆಯನ್ನು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹಂಚುವುದು. ಬಿಲ್ಲಿನ ಸಾಮಾನು ಅದಕ್ಕೆ ಆಮೇಲೆ ಸೇರಿತು. ಈಗ ಬಿಲ್ಲು ಮತ್ತು ಬಿಡಿಭಾಗಗಳ ಮೇಲೆ ತಯಾರಕರು ಕಟ್ಟುವುದು ಶೇ. 11.

ಸದ್ದಿನ ಲೆಕ್ಕ

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,125 ಅಡಿ ಓಡುತ್ತದೆ. ಬಾಣ 280 ಅಡಿ. 30 ಗಜ ದೂರದ ಜಿಂಕೆಗೆ ಬಿಲ್ಲಿನ ಸದ್ದು ಮುಟ್ಟುವುದು 0.08 ಸೆಕೆಂಡಿನಲ್ಲಿ, ಬಾಣ ಮುಟ್ಟುವುದು 0.32 ಸೆಕೆಂಡಿನಲ್ಲಿ. ನಡುವೆ ಕಾಲು ಸೆಕೆಂಡು. ಎಚ್ಚರವಾಗಿರುವ ಬಿಳಿಬಾಲದ ಜಿಂಕೆ ಅಷ್ಟರಲ್ಲಿ ಓಡಲು ಮೈ ಕುಗ್ಗಿಸಿ ಕೆಳಗೆ ಇಳಿದಿರುತ್ತದೆ, ಬಾಣ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಸೆಕೆಂಡಿಗೆ ನಾಲ್ಕೈದು ಅಡಿ ವೇಗ ಉಳಿಸುವ ರೆಸ್ಟ್‌ಗಿಂತ ಸದ್ದಿಲ್ಲದ ರೆಸ್ಟ್ ಮೇಲು ಅಂತ ನಾನು ಹೇಳುವುದು ಇದಕ್ಕೇ. ಹೆದೆ ಎಳೆಯುವಾಗಿನ ಕಿರುಗುಟ್ಟುವಿಕೆ ಇನ್ನೂ ಕೆಟ್ಟದ್ದು. ಪ್ರಾಣಿ ಆಗ ಇನ್ನೂ ನಿಂತಿರುತ್ತದೆ, ಕೇಳಿಸಿಕೊಂಡು ತಲೆ ಎತ್ತಿ ನೋಡುತ್ತದೆ.

ಮದ್ದು ಸುಲಭ. ಬಾಣ ತಾಗಬಹುದಾದ ಲೋಹದ ಭಾಗಕ್ಕೆಲ್ಲ ಅಂಟುವ ಫೆಲ್ಟ್ ಪಟ್ಟಿ ಹಚ್ಚಿ. ಕವಲಿಗೂ, ಅದರ ಕೆಳಗಿನ ಅಂಚಿಗೂ. ಒದ್ದೆಯಾದರೆ, ಸವೆದರೆ ಬದಲಿಸಿ. ಅಂಗಡಿಯಲ್ಲಿ ರೆಸ್ಟ್ ನೋಡುವಾಗ ಒಂದು ಬಾಣ ಇಟ್ಟು, ಹೆದೆಯನ್ನು ತೀರಾ ನಿಧಾನವಾಗಿ ಎಳೆದು ಕಿವಿಗೊಡಿ. ಅಂಗಡಿ ಗದ್ದಲದಲ್ಲಿ ಕೇಳಿಸಿದ ಸದ್ದು ಕಾಡಿನಲ್ಲಿ ಕೇಳಿಸದೆ ಇರುತ್ತದಾ?

ಯಾರಿಗೆ ಯಾವುದು

ಮೊದಲ ಬಿಲ್ಲು, ಅಟ್ಟಣೆ ಬೇಟೆ, 30 ಗಜದೊಳಗೆ ಹೊಡೆತ. ಇವರಿಗೆ ವಿಸ್ಕರ್ ಬಿಸ್ಕೆಟ್ ಸಾಕು. ಸಾಕು ಅಂದರೆ ಸಮಾಧಾನಕ್ಕೆ ಅಲ್ಲ, ನಿಜಕ್ಕೂ ಅದೇ ಒಳ್ಳೆಯದು. ಉಳಿದ ದುಡ್ಡಿಗೆ ಒಳ್ಳೆಯ ಬಾಣ ತೆಗೆದುಕೊಳ್ಳಲಿ. ಇದನ್ನು ಆರಂಭಿಕರ ಆಟಿಕೆ ಅಂತ ಹೀಯಾಳಿಸುವವರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಕೊಲರಾಡೋ ಬೆಟ್ಟಗಳಲ್ಲಿ ಸೆಪ್ಟೆಂಬರ್ ಎಲ್ಕ್ ಬೇಟೆ, ನಡಿಗೆ ಜಾಸ್ತಿ, ಹೊಡೆತ 40, 50 ಗಜಕ್ಕೂ ಹೋಗಬಹುದು, ಅಲಗು ಮಡಚದ ಬ್ರಾಡ್‌ಹೆಡ್ ಬೇರೆ. ಇವರಿಗೆ ಲಿಂಬ್‌ಗೆ ಕಟ್ಟುವ ಡ್ರಾಪ್ ಅವೇ, ಮೇಲೆ ಅಡ್ಡಪಟ್ಟಿ ಇರುವುದು. ಗರಿಗೆ ದಾರಿ ಪೂರ್ತಿ ಬಿಡುತ್ತದೆ, ಹುರಿ ಹೋದರೂ ಕೈಕೊಡುವುದಿಲ್ಲ.

ಅಟ್ಟಣೆಯಲ್ಲಿ ಕೂರುವವರೇ, ಆದರೆ ಸಣ್ಣ ಬಾಣ, ಉದ್ದ ಗರಿ, ಅಭ್ಯಾಸಕ್ಕೆ ದೂರದ ಗುರಿ ಇವೆಲ್ಲ ಬೇಕು ಅನ್ನುವವರಿಗೆ ಲಾಕ್ ಆಗುವ ಕೇಬಲ್ ಜಾತಿ ಚೆನ್ನಾಗಿ ಹೊಂದುತ್ತದೆ. ಸೀಸನ್ ಮುಗಿಯುವವರೆಗೆ ಹುರಿಯ ಮೇಲೆ ಒಂದು ಕಣ್ಣಿಡುವ ಶಿಸ್ತು ಇರಬೇಕು, ಅಷ್ಟೇ. ಬೆರಳಲ್ಲಿ ಹೆದೆ ಬಿಡುವವರಿಗೆ ಡ್ರಾಪ್ ಅವೇ ಸರಿಯಾಗಿ ಒಗ್ಗುವುದಿಲ್ಲ. ಬಾಣ ಅಡ್ಡಕ್ಕೆ ಬಾಗುವುದರಿಂದ ಪಕ್ಕದ ಆಸರೆ ಇರುವ ಬಗೆಯೇ ಬೇಕು.

ಬಿಲ್ಲಿಗೆ ಕೂರಿಸುವ ಮೊದಲು ನೋಡಬೇಕಾದದ್ದು ಎರಡು. ರೆಸ್ಟ್‌ಗಳಲ್ಲಿ ಎಡಗೈ, ಬಲಗೈ ಅಂತ ಬೇರೆ ಬೇರೆ ಬರುತ್ತವೆ. ಇನ್ನೊಂದು, ಜೋಡಿಸುವ ಜಾಗ. ಕಾಂಪೌಂಡ್ ಬಿಲ್ಲುಗಳಲ್ಲಿ ಹಿಡಿಯ ಮೇಲೆ ಬರ್ಗರ್ ಹೋಲ್ ಅನ್ನುವ ತಿರುಪಿನ ತೂತು ಇರುತ್ತದೆ. ಒಂದೇ ಬೋಲ್ಟ್ ಆದ್ದರಿಂದ ರೆಸ್ಟ್ ತಿರುಗದಂತೆ ಬಿಗಿ ಮಾಡಬೇಕು. ಈಚಿನ ಕೆಲವು ವರ್ಷಗಳಲ್ಲಿ ಹೋಯ್ಟ್, ಮ್ಯಾಥ್ಯೂಸ್ ಮುಂತಾದ ಕಂಪನಿಗಳ ಹೊಸ ಬಿಲ್ಲುಗಳಲ್ಲಿ ರೈಸರ್ (ಹಿಡಿ ಇರುವ ಗಟ್ಟಿ ನಡುಭಾಗ) ಹಿಂಭಾಗದಲ್ಲೇ ಕಚ್ಚು ಕೊರೆದಿರುತ್ತಾರೆ. ಐಎಂಎಸ್ ಅಂತ ಕರೆಯುವ ಈ ವ್ಯವಸ್ಥೆಯಲ್ಲಿ ರೆಸ್ಟ್ ಆ ಕಚ್ಚಿಗೆ ಸಿಕ್ಕಿಕೊಂಡು ಕೂರುತ್ತದೆ, ತಿರುಗುವ ಮಾತಿಲ್ಲ. ಹಳೆಯ ಬಿಲ್ಲು ಇಟ್ಟುಕೊಂಡು ಆ ಬಗೆಯ ರೆಸ್ಟ್ ಕೊಂಡರೆ ಜೋಡಿಸಲು ಜಾಗವೇ ಇರುವುದಿಲ್ಲ. ಮೊದಲು ಬಿಲ್ಲು ನೋಡಿ, ಆಮೇಲೆ ಆರ್ಡರ್ ಮಾಡಿ.

ಹೊಂದಿಸುವುದು

ಸರಿಯಾಗಿ ಹೊಂದಿಸಿದ 50 ಡಾಲರ್ ರೆಸ್ಟ್, ಅಡ್ಡಾದಿಡ್ಡಿ ಕೂರಿಸಿದ 300 ಡಾಲರ್ ರೆಸ್ಟ್‌ಗಿಂತ ಚೆನ್ನಾಗಿ ಹೊಡೆಯುತ್ತದೆ. ಆದ್ದರಿಂದ ಇಲ್ಲಿ ಅವಸರ ಬೇಡ.

ಶುರು ಮಾಡಲು ಎರಡು ಅಳತೆ. ಬಾಣವನ್ನು ಪಕ್ಕದಿಂದ ನೋಡಿದಾಗ ಅದು ಬರ್ಗರ್ ಹೋಲ್‌ನ ನಡುವೆ ಹಾದುಹೋಗಬೇಕು, ಹೆದೆಗೆ ಲಂಬವಾಗಿರಬೇಕು. ಹಿಂತುದಿ ಕೂದಲೆಳೆಯಷ್ಟು ಮೇಲಿದ್ದರೂ ಪರವಾಗಿಲ್ಲ. ಇನ್ನು ರೈಸರ್‌ನಿಂದ ಬಾಣದ ನಡುವಿಗೆ ಅಡ್ಡ ದೂರ, ಅನೇಕ ಬಿಲ್ಲುಗಳಲ್ಲಿ 13/16 ಇಂಚಿನ ಆಸುಪಾಸು. ನಿಮ್ಮ ಬಿಲ್ಲಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಇವು ಶುರುವಿನ ಅಳತೆಗಳು. ಕೊನೆಯ ಜಾಗವನ್ನು ಬಾಣವೇ ಹೇಳುತ್ತದೆ.

ಮೊದಲು ಗರಿ ತಾಗುತ್ತಿದೆಯಾ ನೋಡಿ. ಕಾಲಿಗೆ ಹಾಕುವ ಪೌಡರ್ ಸ್ಪ್ರೇ ರೂಪದಲ್ಲಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಗರಿ, ರೆಸ್ಟ್, ಸುತ್ತಲಿನ ಕೇಬಲ್‌ಗಳ ಮೇಲೆ ಬಿಳಿಯಾಗುವ ಹಾಗೆ ಹೊಡೆದು, ಹತ್ತಿರದ ಗುರಿಗೆ ಒಂದು ಬಾಣ ಬಿಡಿ. ಪೌಡರ್ ಎಲ್ಲಿ ಉಜ್ಜಿಹೋಗಿದೆಯೋ ಅಲ್ಲಿ ತಾಗಿದೆ. ಡ್ರಾಪ್ ಅವೇ ಇದ್ದೂ ಗೆರೆ ಬಿದ್ದರೆ ಕವಲು ತಡವಾಗಿ ಬೀಳುತ್ತಿದೆ ಅಥವಾ ಪುಟಿಯುತ್ತಿದೆ. ಕೆಲವೊಮ್ಮೆ ನಾಕ್ (ಹೆದೆಗೆ ಸಿಕ್ಕಿಸುವ, ಬಾಣದ ಹಿಂತುದಿಯ ಕಚ್ಚು) ಸ್ವಲ್ಪ ತಿರುಗಿಸಿ ಗರಿಯ ದಿಕ್ಕು ಬದಲಿಸಿದರೇ ಸಾಕಾಗುತ್ತದೆ. ಇದು ಸರಿಯಾಗದೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಇಲ್ಲ.

ಆಮೇಲೆ ಕಾಗದ. ಒಂದು ಚೌಕಟ್ಟಿಗೆ ಕಾಗದ ಬಿಗಿದು, ಆರೆಂಟು ಅಡಿ ದೂರದಿಂದ ಅದರ ಮೂಲಕ ಬಾಣ ಬಿಡುತ್ತಾರೆ. ತುದಿ ಹೊಕ್ಕ ತೂತಿನ ಸುತ್ತಲೇ ಗರಿಗಳ ಸೀಳು ಸಮನಾಗಿ ಬಿದ್ದರೆ ಬಾಣ ನೇರ ಹೊರಟಿದೆ. ಬಾಲದ ಸೀಳು ಮೇಲಕ್ಕೆ ಹರಿದಿದ್ದರೆ ರೆಸ್ಟ್ ಸ್ವಲ್ಪ ಎತ್ತಬೇಕು ಅಥವಾ ಹೆದೆಯ ಮೇಲಿನ ನಾಕ್ ಜಾಗ ಇಳಿಸಬೇಕು. ಕೆಳಕ್ಕೆ ಹರಿದಿದ್ದರೆ ಇದರ ಉಲ್ಟಾ. ಎಷ್ಟು ಸರಿಸಿದರೂ ಸೀಳು ಬದಲಾಗದಿದ್ದರೆ ತಪ್ಪು ರೆಸ್ಟ್‌ನದ್ದಲ್ಲ. ಗರಿ ಎಲ್ಲೋ ತಾಗುತ್ತಿದೆ, ಬಾಣ ಬಿಲ್ಲಿಗೆ ಹೊಂದುತ್ತಿಲ್ಲ, ಇಲ್ಲವೇ ಕೈ ಹಿಡಿಯನ್ನು ತಿರುಚುತ್ತಿದೆ. ಮೂರನೆಯದೇ ಹೆಚ್ಚು.

ಕೊನೆಯ ಪರೀಕ್ಷೆ ಬ್ರಾಡ್‌ಹೆಡ್‌ನದ್ದು, ಬೇಟೆಗಾರನಿಗೆ ಬೇಕಾಗಿರುವುದು ನಿಜವಾಗಿ ಇದೊಂದೇ. ಒಂದೇ ತೂಕದ ಅಭ್ಯಾಸದ ತುದಿ ಮತ್ತು ಬ್ರಾಡ್‌ಹೆಡ್ ಎರಡನ್ನೂ 20, 30 ಗಜದಿಂದ ಒಂದೇ ಗುರಿಗೆ ಹೊಡೆಯಿರಿ. ಎರಡು ಗುಂಪು ಬೇರೆ ಬೇರೆ ಕಡೆ ಬಿದ್ದರೆ, ಬ್ರಾಡ್‌ಹೆಡ್ ಗುಂಪಿನಿಂದ ಅಭ್ಯಾಸದ ಗುಂಪು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ರೆಸ್ಟ್ ಸರಿಸಿ. ಬ್ರಾಡ್‌ಹೆಡ್ ಎಡಕ್ಕೆ ಬಿದ್ದಿದ್ದರೆ ರೆಸ್ಟ್ ಬಲಕ್ಕೆ. ಒಂದು ಸಲಕ್ಕೆ 1/32 ಇಂಚು, ಅದಕ್ಕಿಂತ ಜಾಸ್ತಿ ಬೇಡ. ಸರಿಸಿ, ಮತ್ತೆ ಹೊಡೆಯಿರಿ. ಎರಡೂ ಗುಂಪು ಒಂದಾದಮೇಲೆ ಸೈಟ್ ಮುಟ್ಟಿ, ಅದಕ್ಕೆ ಮೊದಲು ಬೇಡ. ತಿರುಪು ತಿರುಗಿಸಿದಂತೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಯುವ ರೆಸ್ಟ್‌ಗೆ ಜನ ಹೆಚ್ಚು ದುಡ್ಡು ಕೊಡುವುದು ಈ ಕೆಲಸಕ್ಕಾಗಿಯೇ. ಬೋಲ್ಟ್ ಸಡಿಲಿಸಿ ಬೆರಳಲ್ಲಿ ನೂಕುವ ರೆಸ್ಟ್‌ನಲ್ಲಿ 1/32 ಇಂಚು ಹಿಡಿಯುವುದು ತಾಳ್ಮೆ ಪರೀಕ್ಷೆ.

ಎಲ್ಲ ಮುಗಿದಮೇಲೆ ಬೋಲ್ಟ್‌ಗಳನ್ನು ಬಿಗಿ ಮಾಡಿ, ರೆಸ್ಟ್‌ನ ಅಂಚು ಬರುವ ಕಡೆ ರೈಸರ್ ಮೇಲೆ ಬಿಳಿ ಪೆನ್ನಿಂದ ಸಣ್ಣ ಗೆರೆ ಎಳೆದಿಡಿ. ಕಾರಿನ ಡಿಕ್ಕಿಯಲ್ಲಿ ಕುಲುಕಿ ಬಂದ ಬಿಲ್ಲನ್ನು ತೆಗೆದ ಕೂಡಲೇ ಗೆರೆ ಸರಿಯಾಗಿದೆಯಾ ಅಂತ ಒಂದು ನೋಟ ಸಾಕು. ಡ್ರಾಪ್ ಅವೇ ಆದರೆ ಹುರಿಯ ಗಂಟಿನ ಪಕ್ಕದಲ್ಲೂ ಒಂದು ಗುರುತು ಹಾಕಿ. ಹುರಿಯ ಮೇಲೆ ನಾರು ಎದ್ದಿದ್ದರೆ ಆಗಲೇ ಬದಲಿಸಿ. ಎರಡು ಅಡಿ ಹುರಿ, ಒಂದು ಲೈಟರ್, ಬೋಲ್ಟ್‌ಗೆ ಹೊಂದುವ ಅಲೆನ್ ಕೀ. ಇಷ್ಟು ಚೀಲದಲ್ಲಿ ಇರಲಿ. ಹುರಿ ಬದಲಿಸಿದಮೇಲೆ ಪೌಡರ್ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಅದಕ್ಕೇ ಈ ಕೆಲಸವನ್ನೆಲ್ಲ ಆಗಸ್ಟ್‌ನಲ್ಲೇ ಮುಗಿಸಿಕೊಳ್ಳುವುದು ವಾಸಿ. ಸೀಸನ್ ಹತ್ತಿರ ಬಂದಮೇಲೆ ಬಿಲ್ಲಿನ ಅಂಗಡಿಗಳಲ್ಲಿ ಸಾಲು ನಿಲ್ಲಬೇಕಾಗುತ್ತದೆ.